ಮೂರನೇ ರೂಮಿನ ಹದಿಮೂರು

ಮತ್ತೆ ಕರೆದರು. ಇದು ನಾಲ್ಕನೇ ಸಲ. ಮೊದಲು ಅತ್ತೆಗೆ ಕನ್ನಡಕ ಸಿಗಲಿಲ್ಲ, ಅದು ಅವರ ತಲೆಯ ಮೇಲೇ ಇತ್ತು. ಆಮೇಲೆ ಮಗಳಿಗೆ ನೀರು ಬೇಕಾಯಿತು. ಕುಡಿದು ಹತ್ತು ನಿಮಿಷಕ್ಕೆ ಅದೇ ನೀರನ್ನು ಹೊರಗೆ ಬಿಡಬೇಕಾಯಿತು. ಈಗ ನಮ್ಮ ಯಜಮಾನರು ಒಂದು ಕಾಲುಚೀಲ ಹಿಡಿದುಕೊಂಡು ಬಂದು, ಇದರ ಜೊತೆಯದು ಎಲ್ಲಿ ಅಂತ ಕೇಳುತ್ತಾರೆ, ನಾನೇನೋ ಅದನ್ನು ಹಾಕಿಕೊಂಡು ಊರು ತಿರುಗುತ್ತಿರುವ ಹಾಗೆ. ಪ್ರತಿ ಸಲವೂ ಕತೆ ಬಾವಿಯ ಹತ್ತಿರ ಬರುತ್ತದೆ, ಅಲ್ಲೇ ನಿಲ್ಲುತ್ತದೆ. ಇನ್ನೊಂದು ಸಲ ಯಾರಾದರೂ ಕರೆದರೆ ದೆವ್ವದ ಕತೆ ಹೇಳುವುದಿಲ್ಲ, ನಾನೇ ದೆವ್ವ ಆಗಿಬಿಡುತ್ತೇನೆ.

ಸರಿ. ಎಲ್ಲರೂ ಮಲಗಿದರು. ಹತ್ತಿರ ಬನ್ನಿ, ಮೆಲ್ಲಗೆ ಹೇಳುತ್ತೇನೆ. ಮಗು ಎದ್ದರೆ ನೀವೇ ಮಲಗಿಸಬೇಕು.

ಇದು ನಮ್ಮ ದೊಡ್ಡಮ್ಮನ ಮಗಳಿಗೆ ಆದದ್ದು. ನನಗಿಂತ ಆರು ವರ್ಷ ದೊಡ್ಡವಳು, ಅಕ್ಕ ಅನ್ನುತ್ತೇನೆ. ಅವಳು ನನ್ನನ್ನು ಮೆಣಸಿನಕಾಯಿ ಅನ್ನುತ್ತಾಳೆ. ಯಾಕೆ ಅಂತ ಕೇಳಬೇಡಿ. ಹಣ್ಣಿನ ಕೋಲ್ಡ್ ಸ್ಟೋರೇಜಿನಲ್ಲಿ ಅವಳಿಗೆ ಕೆಲಸ. ಬೋರ್ಡಿನ ಮೇಲೆ ಶೈತ್ಯಾಗಾರ ಅಂತ ಬರೆದಿದೆ, ಆ ಹೆಸರಿನಿಂದ ಅದನ್ನು ಇವತ್ತಿನವರೆಗೆ ಯಾರೂ ಕರೆದಿಲ್ಲ. ನಾವು ಸ್ಟೋರೇಜು ಅನ್ನುತ್ತೇವೆ. ಮಾವಿನ ಕಾಲದಲ್ಲಿ ಅವಳ ಪಾಳಿ ಮುಗಿಯುವುದು ರಾತ್ರಿ ಹತ್ತೂವರೆಗೆ. ಮನೆಗೆ ಹಿಂಬದಿಯ ದಾರಿ ಹತ್ತಿರ. ಆ ದಾರಿಯಲ್ಲಿ ಒಂದು ಹಳೆಯ ಬಾವಿ. ಈಗ ಯಾರೂ ನೀರು ಸೇದುವುದಿಲ್ಲ, ಮೇಲೆ ಕಬ್ಬಿಣದ ಜಾಲರಿ ಹಾಕಿದ್ದಾರೆ.

ಈ ವರ್ಷದ ಮೊದಲ ಲೋಡು ಬಂದ ವಾರ. ಅಕ್ಕ ಒಬ್ಬಳೇ ಬರುತ್ತಿದ್ದಳು. ಹಿಂದೆ ಸ್ಟೋರೇಜಿನ ಕಂಪ್ರೆಸರು ಗುಂಯ್ ಅನ್ನುತ್ತಿತ್ತು. ಬಾವಿಯ ಹತ್ತಿರ ಬರುವಾಗ ಅದು ನಿಂತಿತು. ಅದು ಆಗಾಗ ತಾನಾಗಿ ನಿಲ್ಲುತ್ತದೆ, ಅದೇನೂ ಹೊಸದಲ್ಲ. ಆದರೆ ಅದು ನಿಂತ ಮೇಲೆ ಕಿವಿಗೆ ಇನ್ನೊಂದು ಶಬ್ದ ಬಿತ್ತು.

ಪಚಕ್… ಸರ್. ಪಚಕ್… ಸರ್.

ನೀರು ಹೊಕ್ಕ ಗಂಬೂಟು. ಎಡಗಾಲಿನದು ಒಡೆದಿದೆ, ಅದು ಪಚಕ್. ಬಲಗಾಲು ಎಳೆಯುತ್ತದೆ, ಅದು ಸರ್.

ಅಕ್ಕ ನಿಂತಳು. ಅದೂ ನಿಂತಿತು.

ಕತ್ತಿನ ಹಿಂದೆ ತಣ್ಣನೆಯ ಗಾಳಿ. ಸ್ಟೋರೇಜಿನ ಬಾಗಿಲು ತೆಗೆದಾಗ ಮುಖಕ್ಕೆ ಹೊಡೆಯುತ್ತದಲ್ಲ, ಆ ತರಹದ್ದು. ಜೊತೆಗೆ ಹಸಿ ಮಾವಿನಕಾಯಿಯ ಸೊನೆಯ ವಾಸನೆ. ಆಮೇಲೆ ಕಿವಿಯ ಪಕ್ಕದಲ್ಲೇ ಪಿಸುಮಾತು…

"ಎಷ್ಟಿದೆ?"

ಅಕ್ಕನ ಬಾಯಿ ಅವಳನ್ನು ಕೇಳದೆಯೇ ಉತ್ತರ ಕೊಟ್ಟುಬಿಟ್ಟಿತು. "ಹದಿಮೂರು."

ಜಾಲರಿಯ ಕೆಳಗೆ ಬಾವಿಯಲ್ಲಿ ಒಂದು ಹನಿ ಬಿತ್ತು, ಟಿಣ್. ಆಮೇಲೆ ಮತ್ತೆ ಪಚಕ್… ಸರ್. ಅವಳ ಹಿಂದೆ ಬರಲಿಲ್ಲ. ವಾಪಸು ಹೋಯಿತು, ಸ್ಟೋರೇಜಿನ ಕಡೆಗೆ.

ಅಕ್ಕ ಚಪ್ಪಲಿಯನ್ನು ಕೈಗೆ ತೆಗೆದುಕೊಂಡು ಓಡಿದಳು.

ಆ ಗಂಬೂಟು ಯಾರದು ಅಂತ ಅವಳಿಗೆ ಗೊತ್ತಿತ್ತು. ನನಗೂ ಗೊತ್ತು. ನಮ್ಮಿಬ್ಬರ ಸೋದರಮಾವನದು. ಅವರು ತೀರಿಕೊಂಡು ಆಗಲೇ ನಾಲ್ಕು ತಿಂಗಳಾಗಿತ್ತು.

ಮಾವನನ್ನು ಸ್ಟೋರೇಜಿನಲ್ಲಿ ಎಲ್ಲರೂ ಹದಿಮೂರು ಅಂತಲೇ ಕರೆಯುತ್ತಿದ್ದರು. "ಹದಿಮೂರು ಊಟಕ್ಕೆ ಹೋಗಿದೆ", "ಹದಿಮೂರಕ್ಕೆ ಇವತ್ತು ಕೋಪ ಬಂದಿದೆ, ಮಾತಾಡಿಸಬೇಡಿ". ಇಪ್ಪತ್ತೆರಡು ವರ್ಷ ಅಲ್ಲಿನ ಮೂರು ತಣ್ಣನೆಯ ರೂಮುಗಳನ್ನು ನೋಡಿಕೊಂಡವರು ಅವರು. ಮದುವೆ ಆಗಲಿಲ್ಲ. "ಮೂರು ಮೂರು ಕಟ್ಟಿಕೊಂಡಿದ್ದಾನೆ, ಒಂದೂ ಬೆಚ್ಚಗಿಲ್ಲ" ಅಂತ ನಮ್ಮಮ್ಮ ಬೈಯುತ್ತಿದ್ದಳು.

ಆ ಹೆಸರು ಬಂದದ್ದು ಮಾವಿನಿಂದ. ಮಾವಿನ ರೂಮು ಹದಿಮೂರು ಡಿಗ್ರಿಗಿಂತ ಕೆಳಗೆ ಹೋಗಬಾರದು ಅನ್ನುವುದು ಅವರ ಹಟ. "ಆಲೂಗಡ್ಡೆ ಇಟ್ಟ ಹಾಗೆ ಮಾವು ಇಡೋಕಾಗಲ್ಲ ಪುಟ್ಟಿ. ಇದು ಬಿಸಿಲಲ್ಲಿ ಹುಟ್ಟಿದ್ದು, ಇದಕ್ಕೆ ಚಳಿ ಅಭ್ಯಾಸ ಇಲ್ಲ" ಅನ್ನುತ್ತಿದ್ದರು. ಬಂದ ಕಾಯನ್ನು ಸೀದಾ ಒಳಗೆ ನೂಕಲು ಬಿಡುತ್ತಿರಲಿಲ್ಲ. ಮೊದಲು ಬಿಸಿನೀರಿನ ತೊಟ್ಟಿ. ಒರೆಸಿ, ಒಂದು ದಿನ ಹೊರಗಿನ ಪಡಸಾಲೆ. ಆಮೇಲೆ ಇಪ್ಪತ್ತು, ಹದಿನಾರು, ಕೊನೆಗೆ ಹದಿಮೂರು. ಮಗುವಿನ ಕೈ ಹಿಡಿದು ಮೆಟ್ಟಿಲು ಇಳಿಸುವ ಹಾಗೆ. ಲಾರಿ ತಡವಾಗಿ ತುಂಬಾ ದಿನ ಇಡಬೇಕಾದರೆ ಮಧ್ಯೆ ಒಂದು ರಾತ್ರಿ ಹೊರಗೆ ತಂದು ಬೆಚ್ಚಗೆ ಮಾಡಿ ಮತ್ತೆ ಒಳಗಿಡುತ್ತಿದ್ದರು. ಕ್ರೇಟಿಗೂ ಕ್ರೇಟಿಗೂ ನಡುವೆ ನಾಲ್ಕು ಬೆರಳು ಜಾಗ ಇರಲೇಬೇಕು. ಬೆರಳಿಟ್ಟೇ ಅಳೆಯುತ್ತಿದ್ದರು.

ಚಳಿ ಹೊಡೆದ ಮಾವಿನ ಒಂದು ಗುಣ ಹೇಳುತ್ತೇನೆ ಕೇಳಿ, ಮುಂದೆ ಬೇಕಾಗುತ್ತದೆ. ಒಳಗೆ ತಣ್ಣಗಿರುವ ತನಕ ಏನೂ ಕಾಣುವುದಿಲ್ಲ. ಹಸಿರಾಗಿ, ಗಟ್ಟಿಯಾಗಿ, ಮದುಮಗನ ಹಾಗೆ ಕೂತಿರುತ್ತದೆ. ಹೊರಗೆ ತಂದು ಬೆಚ್ಚಗಾದ ಮೇಲೆ ಸಿಪ್ಪೆಯ ಮೇಲೆ ಬೂದಿ ಬಣ್ಣದ ಮಚ್ಚೆ ಏಳುತ್ತದೆ, ಸೂಜಿ ಚುಚ್ಚಿದ ಹಾಗೆ ಸಣ್ಣ ಸಣ್ಣ ಕುಳಿ ಬೀಳುತ್ತದೆ. ಹಣ್ಣಾಗುವುದೇ ಇಲ್ಲ.

ಅಕ್ಕನನ್ನು ಕೆಲಸಕ್ಕೆ ಸೇರಿಸಿದ್ದು ಮಾವನೇ. ಭಾವನ ಅಂಗಡಿ ಮುಚ್ಚಿದಾಗ ಕೈ ಹಿಡಿದು ಕರೆದುಕೊಂಡು ಹೋಗಿ ಕಾಯಿ ಆರಿಸುವ ಮೇಜಿನ ಮುಂದೆ ನಿಲ್ಲಿಸಿದರು. ಆಮೇಲೆ ತಮ್ಮ ವಿದ್ಯೆಯನ್ನೂ ಕಲಿಸಿದರು. ಕಾಯಿಯ ತೊಟ್ಟಿನ ಪಕ್ಕ ಕೈಯ ಹಿಂಬದಿ ಇಟ್ಟು ಹತ್ತು ಎಣಿಸಬೇಕು. ಎಷ್ಟು ಡಿಗ್ರಿ ಅಂತ ಕೈಯೇ ಹೇಳುತ್ತದೆ. ಗೋಡೆಯ ಮೀಟರು ಆಗಾಗ ಕೆಡುತ್ತಿತ್ತು, ಅಕ್ಕನ ಕೈ ಒಂದು ದಿನವೂ ತಪ್ಪಲಿಲ್ಲ. ಅವಳು ರೂಮಿನಿಂದ ಹೊರಗೆ ಬಂದರೆ ಮಾವ ಕೇಳುವುದು ಒಂದೇ ಮಾತು, "ಎಷ್ಟಿದೆ?" ಅವಳು ಹೇಳಿದ್ದನ್ನು ತಾರೀಖಿನ ಜೊತೆ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ಅವರು ಇಲ್ಲದ ದಿನ ಅಕ್ಕನೇ ಬರೆಯಬೇಕು.

ಹೋದ ವರ್ಷ ಏನಾಯಿತು ಅಂದರೆ… ನಮಗೆಲ್ಲ ಗೊತ್ತಿದ್ದದ್ದು ಇಷ್ಟು. ಮಾವನಿಗೆ ಒಂಬತ್ತು ದಿನ ಜ್ವರ. ಹತ್ತನೇ ದಿನ ರಾತ್ರಿ ಪಾಳಿಗೆ ಹೋದರು. ಮೂರನೇ ರೂಮಿನಿಂದ ನಲವತ್ತು ಕ್ರೇಟು ಮಾವು ತೆಗೆದು ಪಡಸಾಲೆಯಲ್ಲಿಟ್ಟರು. ಇಟ್ಟವರು ಅಲ್ಲೇ ನಿದ್ದೆ ಹೋದರು. ಬೆಳಿಗ್ಗೆ ಹಣ್ಣು ಕೊಳ್ಳುವ ಕಂಪನಿಯ ಅಧಿಕಾರಿ ಬಂದು ನೋಡಿದರೆ ಹೊರಗಿದ್ದ ನಲವತ್ತು ಕ್ರೇಟಿನಲ್ಲೂ ಬೂದಿ ಮಚ್ಚೆ. ಒಳಗಿದ್ದವು ಚೆನ್ನಾಗಿದ್ದವು. ಹೊರಗೆ ಬಿಟ್ಟು ಕೆಡಿಸಿದರು ಅಂತ ಮಾವನ ಕೈಯಿಂದ ಬೀಗದ ಕೈ ತೆಗೆದುಕೊಂಡರು. ಇಪ್ಪತ್ತೆರಡು ವರ್ಷ ಅರ್ಧ ಗಂಟೆಯಲ್ಲಿ ಮುಗಿಯಿತು.

ಮುಂದಿನ ತಿಂಗಳು ಅಕ್ಕನನ್ನು ಸೂಪರ್‌ವೈಸರ್ ಮಾಡಿದರು. ಮನೆಯಲ್ಲಿ ಒಬ್ಬರಾದರೂ ಎಚ್ಚರವಾಗಿದ್ದಾರಲ್ಲ ಅಂತ ನಾನೇ ಎಲ್ಲರ ಮುಂದೆ ತಮಾಷೆ ಮಾಡಿದೆ. ಎಲ್ಲರೂ ನಕ್ಕರು. ಅಕ್ಕ ಪಾತ್ರೆ ತೊಳೆಯಲು ಎದ್ದು ಹೋದಳು.

ಅದಾಗಿ ಸ್ವಲ್ಪ ದಿನಕ್ಕೆ ಮಾವ ನಮ್ಮ ಮನೆಗೆ ಬಂದರು. ಮಧ್ಯಾಹ್ನ. ಮಗಳು ಆಗ ತಾನೇ ಮಲಗಿದ್ದಳು, ಅವಳನ್ನು ಮಲಗಿಸುವುದು ಅಂದರೆ ಆನೆಯನ್ನು ಮಲಗಿಸಿದ ಹಾಗೆ. ನಾನು ಬಾಗಿಲ ಸರಪಳಿ ತೆಗೆಯಲಿಲ್ಲ. ಸಂದಿಯಿಂದಲೇ ಕೇಳಿದೆ, "ಏನು ಮಾವ, ನಿದ್ದೆ ಮುಗೀತಾ?"

ಮಾವ ನಕ್ಕರು. ನಿಜವಾಗಲೂ ನಕ್ಕರು. "ಮಗೂಗೆ ತಂದೆ" ಅಂತ ಎರಡು ಮಾವಿನಹಣ್ಣನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟರು. ಪಚಕ್… ಸರ್. ಗಂಬೂಟು ಹಾಕಿಕೊಳ್ಳುವ ಕೆಲಸ ಹೋದರೂ ಗಂಬೂಟು ಬಿಟ್ಟಿರಲಿಲ್ಲ. ನಾನು ಅವರನ್ನು ನೋಡಿದ್ದು ಅದೇ ಕೊನೆ. ಚಳಿಗಾಲದಲ್ಲಿ ಎದೆಗೆ ಕಫ ಕಟ್ಟಿ, ಬಾಡಿಗೆಯ ಒಂದು ಕೋಣೆಯಲ್ಲಿ ತೀರಿಕೊಂಡರು. ಆ ಹಣ್ಣು ಎರಡೂ ಬೆಣ್ಣೆಯ ಹಾಗಿದ್ದವು.

ಈಗ ಬಾವಿಗೆ ವಾಪಸು ಬನ್ನಿ.

ಅಕ್ಕ ಓಡಿ ಮನೆಗೆ ಹೋದಳಲ್ಲ, ಮಾರನೇ ದಿನ ಸ್ಟೋರೇಜಿಗೆ ಬಂದರೆ ಜನ ಗುಂಪು ಕಟ್ಟಿ ನಿಂತಿದ್ದಾರೆ. ಮೂರನೇ ರೂಮಿನ ಅಷ್ಟೂ ಕ್ರೇಟು ಪಡಸಾಲೆಯಲ್ಲಿದೆ. ಬೀಗ ಹಾಕಿದ್ದು ಹಾಕಿದ ಹಾಗೇ ಇದೆ. ಬೀಗದ ಕೈ ಮ್ಯಾನೇಜರ್ ಮನೆಯಲ್ಲಿ, ಅವನ ದಿಂಬಿನ ಕೆಳಗೆ.

ಮ್ಯಾನೇಜರ್ ವಾಚ್‌ಮನ್ ಮೇಲೆ ಹಾರಿಬಿದ್ದ. "ಕುಡಿದಿದ್ದೆಯಾ?"

"ಕುಡಿದರೆ ಮುನ್ನೂರು ಕ್ರೇಟು ಎತ್ತೋಕಾಗುತ್ತಾ ಸಾರ್? ಕುಡಿಯದೇ ಇದ್ದರೂ ಆಗಲ್ಲ" ಅಂದ ವಾಚ್‌ಮನ್.

ಎಲ್ಲರೂ ಬೀಗ ನೋಡುತ್ತಿದ್ದರು. ಅಕ್ಕ ಕ್ರೇಟು ನೋಡುತ್ತಿದ್ದಳು. ಒಂದಕ್ಕೂ ಇನ್ನೊಂದಕ್ಕೂ ನಡುವೆ ಜಾಗ ಬಿಟ್ಟಿತ್ತು. ಅವಳು ಯಾರಿಗೂ ಕಾಣದ ಹಾಗೆ ಕೈ ಇಟ್ಟು ನೋಡಿದಳು. ನಾಲ್ಕು ಬೆರಳು.

ಎಲ್ಲವನ್ನೂ ಮತ್ತೆ ಒಳಗೆ ತುಂಬಿಸಿದರು. ಮೂರು ದಿನ ಬಿಟ್ಟು ಮತ್ತೆ ಹಾಗೇ. ಮ್ಯಾನೇಜರ್ ಹೊಸ ಬೀಗ ತಂದ. "ನೀನು ಸೂಪರ್‌ವೈಸರ್ ಅಲ್ವಾ? ಇವತ್ತು ರಾತ್ರಿ ನೀನೇ ಕಾಯಬೇಕು. ಯಾರು ಬರ್ತಾರೆ ನೋಡು" ಅಂದ. ವಾಚ್‌ಮನ್ ಆಗಲೇ ಹೊಟ್ಟೆನೋವು ಅಂತ ರಜೆ ಹಾಕಿದ್ದ, ಆ ಗಂಡಸಿನ ಧೈರ್ಯ ಅಷ್ಟೇ. ಅಕ್ಕ ಒಂದು ಕುರ್ಚಿ ಎಳೆದುಕೊಂಡು ಪಡಸಾಲೆಯಲ್ಲಿ, ಮೂರನೇ ರೂಮಿನ ಬಾಗಿಲ ಎದುರು ಕೂತಳು.

ಹನ್ನೊಂದು ಆಯಿತು. ಹನ್ನೆರಡು ಆಯಿತು. ಟ್ಯೂಬ್‌ಲೈಟು ಜುಯ್ ಅನ್ನುತ್ತಿತ್ತು.

ಒಂದೂವರೆಗೆ ಕಂಪ್ರೆಸರು ನಿಂತಿತು. ಬಾಗಿಲ ಹಿಂದೆ, ಕೊಳವೆಯಿಂದ ಹನಿ ಬೀಳುವುದು ಕೇಳಿಸಿತು. ತಟ್… ತಟ್… ತಟ್. ಆಮೇಲೆ ಅದೂ ನಿಂತಿತು.

ಪಚಕ್… ಸರ್.

ಹೊರಗಲ್ಲ. ಬೀಗ ಹಾಕಿದ ರೂಮಿನ ಒಳಗೆ.

ಸರ್ರ್… ಒಂದು ಕ್ರೇಟು ನೆಲದ ಮೇಲೆ ಜರುಗಿತು. ಟಕ್ ಅಂತ ಚಿಲಕ. ಬಾಗಿಲ ರಬ್ಬರು ಅಂಟು ಬಿಡುವಾಗ ಪ್ಚ್ ಅನ್ನುತ್ತದೆ, ಹಾಗೆ ಅಂದು ಬಾಗಿಲು ಒಂದು ಗೇಣು ತೆರೆದುಕೊಂಡಿತು. ಬಿಳಿ ಹಬೆ ನೆಲದ ಮೇಲೆ ಹರಿದು ಅವಳ ಪಾದಕ್ಕೆ ಬಂತು. ಬೀಗ ಕೊಂಡಿಯಲ್ಲೇ ತೂಗಾಡುತ್ತಿತ್ತು. ಯಾರೂ ಇಲ್ಲ.

"ಪುಟ್ಟಿ, ಕೈ ಕೊಡು."

ಅವಳು ಕೊಡಲಿಲ್ಲ. ಆದರೂ ಕೈ ಹೋಯಿತು. ಯಾರೋ ಮಣಿಕಟ್ಟು ಹಿಡಿದು ಮೆಲ್ಲಗೆ ತಿರುಗಿಸಿದರು, ಕಲಿಸುವಾಗ ತಿರುಗಿಸುತ್ತಿದ್ದ ಹಾಗೇ. ಕೈಯ ಹಿಂಬದಿ ಒಂದು ಕಾಯಿಗೆ ತಾಗಿತು. ಕತ್ತಲಲ್ಲಿ ಯಾರೋ ಎಣಿಸಿದರು. ಒಂದು… ಎರಡು… ಮೂರು… ಹತ್ತರವರೆಗೂ.

ಆಮೇಲೆ ಕೇಳಿದರು. "ಆ ಒಂಬತ್ತು ದಿನ ಕೈ ಏನು ಹೇಳ್ತು?"

ಇಲ್ಲಿಗೆ ಬಂದಾಗ ಅಕ್ಕ ಮಾತು ನಿಲ್ಲಿಸಿದಳು. ಇದನ್ನೆಲ್ಲ ಅವಳು ನನಗೆ ಹೇಳಿದ್ದು ನಮ್ಮ ಅಡುಗೆಮನೆಯಲ್ಲಿ, ಹೋದ ತಿಂಗಳು. ಮಗಳು ಚಾಪೆಯ ಮೇಲೆ ಮಲಗಿದ್ದಳು. ನಾನು ಚಹಾ ಸೋಸುತ್ತಿದ್ದೆ.

"ಯಾವ ಒಂಬತ್ತು ದಿನ?" ಅಂದೆ.

ಅಕ್ಕ ಬಗ್ಗಿ ಮಗುವಿನ ಹೊದಿಕೆ ಸರಿಮಾಡಿದಳು.

"ಅಕ್ಕ. ಯಾವ ಒಂಬತ್ತು ದಿನ?"

"ಮಾವನಿಗೆ ಜ್ವರ ಇತ್ತಲ್ಲ…"

ಆಗ ಹೇಳಿದಳು. ಮಾವ ಮಲಗಿದ ದಿನವೇ ಲಾರಿ ತಡ ಅಂತ ಸುದ್ದಿ ಬಂದಿತ್ತು. ಅಷ್ಟರಲ್ಲಿ ಹಣ್ಣಾಗಿಬಿಟ್ಟರೆ ಅಂತ ಮ್ಯಾನೇಜರ್ ತಾನೇ ಹೋಗಿ ಮೂರನೇ ರೂಮನ್ನು ಎಂಟಕ್ಕೆ ಇಳಿಸಿದ. ಜಾಸ್ತಿ ತಣ್ಣಗಿದ್ದರೆ ಜಾಸ್ತಿ ದಿನ ಬಾಳುತ್ತದೆ ಅನ್ನುವುದು ಆ ಮಹಾಶಯನ ಲೆಕ್ಕ. ಅಕ್ಕ ಕೈ ಇಟ್ಟಳು. ಕೈ ಎಂಟು ಅಂತು. "ಬಾಗಿಲ ಮೇಲೆ ಹದಿಮೂರು ಅಂತಲೇ ಬರಿ. ಮುದುಕ ಎಷ್ಟು ದಿನ ಇರ್ತಾನೆ, ಆಮೇಲೆ ನೀನೇ ಸೂಪರ್‌ವೈಸರ್. ಬರೆಯಲ್ಲ ಅಂದರೆ ಮೇಜಿನ ಮುಂದೆ ನಿಲ್ಲೋಕೆ ಬೇರೆಯವರು ಸಿಗ್ತಾರೆ" ಅಂದ ಅವನು. ಅಕ್ಕ ಸೀಮೆಸುಣ್ಣ ತೆಗೆದುಕೊಂಡಳು. ಒಂಬತ್ತು ದಿನ, ಒಂಬತ್ತು ಹದಿಮೂರು.

ಹತ್ತನೇ ರಾತ್ರಿ ಮಾವ ಬಂದರು. ಕಾಯಿ ಮುಟ್ಟಿದ ತಕ್ಷಣ ಗೊತ್ತಾಯಿತು. ಯಾರನ್ನೂ ಕರೆಯಲಿಲ್ಲ, ಯಾರಿಗೂ ತೋರಿಸಲಿಲ್ಲ. ಮೊದಲು ರೂಮನ್ನು ಹದಿಮೂರಕ್ಕೆ ತಿರುಗಿಸಿದರು. ಆಮೇಲೆ ಜ್ವರ ಬಿಟ್ಟ ಮೈಯಲ್ಲಿ ಎಷ್ಟು ಆಗುತ್ತದೋ ಅಷ್ಟು, ನಲವತ್ತು ಕ್ರೇಟು, ಬೆಚ್ಚಗೆ ಮಾಡಿ ಉಳಿಸಿಕೊಳ್ಳೋಣ ಅಂತ ಹೊರಗೆ ಎತ್ತಿಟ್ಟರು. ಬೆಳಿಗ್ಗೆ ಮಚ್ಚೆ ಎದ್ದದ್ದು ಹೊರಗೆ ಬಂದವುಗಳ ಮೇಲೆ. ಒಳಗಿದ್ದವು ಇನ್ನೂ ಮದುಮಗನ ಹಾಗೇ ಕೂತಿದ್ದವು.

"ರೂಮು ಎಂಟಿತ್ತು ಸಾರ್" ಅಂದರಂತೆ ಮಾವ.

ಮ್ಯಾನೇಜರ್ ಬಾಗಿಲ ಮೇಲೆ ಬರೆದಿದ್ದ ಹದಿಮೂರುಗಳನ್ನು ತೋರಿಸಿದ. ಕಂಪನಿಯ ಅಧಿಕಾರಿ ಅಕ್ಕನನ್ನು ಕೇಳಿದ, "ಇದು ನೀವೇ ಬರೆದದ್ದಾ?"

"ಹೌದು."

"ಮುಟ್ಟಿ ನೋಡಿ ಬರೆದದ್ದಾ?"

"ಮುಟ್ಟಿ ನೋಡಿಯೇ ಬರೆದದ್ದು."

ಮಾವ ಅವಳ ಮುಖ ನೋಡಲಿಲ್ಲವಂತೆ. ಅವಳ ಕೈ ನೋಡಿದರಂತೆ. ಆಮೇಲೆ ಜೇಬಿನಿಂದ ಬೀಗದ ಕೈ ತೆಗೆದು ಮೇಜಿನ ಮೇಲೆ ಇಟ್ಟರಂತೆ. ನಿದ್ದೆ ಮಾಡಿದ ಅನ್ನುವುದನ್ನು ಮ್ಯಾನೇಜರ್ ಆಮೇಲೆ ಸೇರಿಸಿದ್ದು. ಅದಕ್ಕೂ ಅಕ್ಕ ತಲೆಯಾಡಿಸಿದಳು.

ನನ್ನ ಕೈಯಲ್ಲಿದ್ದ ಸೋಸುವ ಜಾಲರಿಯಿಂದ ಚಹಾದ ಚರಟ ನೆಲಕ್ಕೆ ಬಿತ್ತು. ನಾನು ಒರೆಸಲಿಲ್ಲ. ಮಾವ ಸತ್ತ ದಿನ ಇವಳು ನನ್ನ ಹೆಗಲ ಮೇಲೆ ತಲೆಯಿಟ್ಟು ಅತ್ತಿದ್ದಳು. ಅವತ್ತು ಇವಳಿಗೆ ನೀರು ಕುಡಿಸಿದ್ದು ನಾನು. ಎರಡು ಮಾವಿನಕಾಲ ನನ್ನ ಎದುರು ಕೂತು ಉಂಡು ಎದ್ದು ಹೋಗಿದ್ದಾಳೆ, ಒಂದು ದಿನವೂ ಬಾಯಿ ಬಿಟ್ಟಿಲ್ಲ.

"ಮಾವ ಕೇಳಿದಾಗ ಏನು ಹೇಳಿದೆ?" ಅಂದೆ.

"ಎಂಟು ಅಂತ ಹೇಳಬೇಕು ಅಂತಲೇ ಬಾಯಿ ತೆಗೆದೆ ಕಣೇ. ಹದಿಮೂರು ಅಂತ ಬಂತು."

"ಮತ್ತೆ ಕೇಳಿದರಾ?"

"ಇಲ್ಲ. ಸರಿ ಅಂದರು. ಅಷ್ಟೇ. ಕೈ ಬಿಟ್ಟರು. ಬಾಗಿಲು ಮುಚ್ಚಿಕೊಳ್ತು. ಈ ವರ್ಷವೂ ರೂಮು ಎಂಟೇ ಇತ್ತು. ಬೆಳಿಗ್ಗೆ ಒಂದು ಕ್ರೇಟೂ ಹೊರಗೆ ಬಂದಿರಲಿಲ್ಲ. ಆಮೇಲೆ ಅವರು ಬರಲೇ ಇಲ್ಲ."

ಆ ಲೋಡು ಪೂರ್ತಿ ಕಪ್ಪಾಯಿತು. ಅದು ದೊಡ್ಡ ವಿಷಯ ಅಲ್ಲ.

ಅಕ್ಕ ಅವತ್ತು ಬೆಳಗಿನ ಜಾವ ಮನೆಗೆ ಹೋದಳು. ಕೈ ನೋಡಿಕೊಂಡಳು, ಏನೂ ಆಗಿರಲಿಲ್ಲ. ಕಂಬಳಿ ಹೊದ್ದು ಮಲಗಿದಳು. ಒಂದು ಗಂಟೆ ಬಿಟ್ಟು ಎದ್ದರೆ, ಮೈ ಬೆಚ್ಚಗಾಗಿತ್ತು… ಕೈಯ ಹಿಂಬದಿಯಲ್ಲಿ ಬೂದಿ ಬಣ್ಣದ ಮಚ್ಚೆ ಎದ್ದಿತ್ತು. ಡಾಕ್ಟರು ಅಲರ್ಜಿ ಅಂದರು, ಮುಲಾಮು ಕೊಟ್ಟರು. ಮುಲಾಮು ಮುಗಿಯಿತು, ಮಚ್ಚೆ ಹೋಗಲಿಲ್ಲ.

ಇದನ್ನು ನಾನು ಯಾರಿಂದಲೋ ಕೇಳಿ ಹೇಳುತ್ತಿಲ್ಲ. ನನ್ನ ಅಡುಗೆಮನೆಯಲ್ಲಿ, ಹಗಲು ಹೊತ್ತಿನಲ್ಲಿ ನೋಡಿದ್ದೇನೆ. ಅವಳು ಬಿಸಿ ಚಹಾದ ಸ್ಟೀಲ್ ಲೋಟವನ್ನು ಆ ಕೈಯ ಹಿಂಬದಿಗೆ ಒತ್ತಿ ಹಿಡಿದಿದ್ದಳು. "ಸುಡುತ್ತೆ ಅಕ್ಕ" ಅಂದೆ. "ಹೌದಾ?" ಅಂತ ಲೋಟ ನೋಡಿದಳು. ನಾನು ಬೆರಳಿಟ್ಟೆ. ಲೋಟ ಒತ್ತಿಕೊಂಡಿದ್ದ ಆ ಕೈ, ಮಚ್ಚೆ ಇದ್ದ ಕಡೆ ಮಾತ್ರ, ತಣ್ಣಗಿತ್ತು. ಮಚ್ಚೆಯೊಳಗೆ ಸೂಜಿ ಚುಚ್ಚಿದ ಹಾಗೆ ಸಣ್ಣ ಕುಳಿಗಳು. ಎಣಿಸಬಾರದಿತ್ತು, ಎಣಿಸಿದೆ. ಒಂಬತ್ತು. ನಂಬದಿದ್ದರೆ ಅವಳ ಮನೆಗೆ ಹೋಗಿ, ಕೈ ತೋರಿಸು ಅನ್ನಿ.

ನನ್ನ ಬಾಯಿ ನಿಮಗೆ ಗೊತ್ತಲ್ಲ. ಅಷ್ಟು ಹೊತ್ತು ಹಿಡಿದಿದ್ದು ಆಗ ಬಿಟ್ಟೆ. ಅನ್ನ ಹಾಕಿದ ಕೈಗೇ ಕತ್ತರಿ ಹಾಕಿದವಳು ಅಂದೆ. ಇನ್ನು ನಮ್ಮ ಮನೆಯ ಹೊಸ್ತಿಲು ತುಳಿಯಬೇಡ ಅಂದೆ. ಹೇಳಬಾರದ್ದನ್ನೂ ಹೇಳಿದೆ, ಮಗು ಎದ್ದು ಅಳಲು ಶುರು ಮಾಡುವ ತನಕ.

ಅಕ್ಕ ಎಲ್ಲ ಕೇಳಿಸಿಕೊಂಡಳು. ಲೋಟ ತೊಳೆದು ಬೋರಲು ಹಾಕಿದಳು. ಚಪ್ಪಲಿ ಹಾಕಿಕೊಂಡು, ಬಾಗಿಲ ಸರಪಳಿಯನ್ನು ತಾನೇ ತೆಗೆದು, ಅದನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಳು. ದನಿ ಏರಿಸಲಿಲ್ಲ.

"ನಾನು ಹೆದರಿದ್ದೆ ಕಣೇ ಮೆಣಸಿನಕಾಯಿ. ನನಗೆ ಆ ಕೆಲಸ ಬೇಕಿತ್ತು. ನಿನಗೆ ಯಾರ ಹೆದರಿಕೆ ಇತ್ತು? ಅವತ್ತು ಇದೇ ಬಾಗಿಲಿಗೆ ಬಂದಿದ್ದರಲ್ಲ… ನಿಜವಾಗಲೂ ನಿದ್ದೆ ಮಾಡಿದ್ರಾ ಮಾವ ಅಂತ, ನೀನಾದರೂ ಒಂದು ಸಲ ಕೇಳಿದ್ಯಾ?"